ಮನೆಯ ಆಡಿಯೋ ಸೆಟ್: ಯಾವುದನ್ನು ಬದಲಿಸಬೇಕು, ಯಾವುದನ್ನು ಹಾಗೇ ಬಿಡಬೇಕು

ಮನೆಯ ಆಡಿಯೋ ಸೆಟ್ ಸಾಲದು ಅನ್ನಿಸಿದಾಗ ತುಂಬ ಜನ ಮೊದಲು ಹುಡುಕುವುದು ಜಾಸ್ತಿ ವ್ಯಾಟ್‌ನ ಆಂಪ್ಲಿಫೈಯರ್. ಇಲ್ಲದಿದ್ದರೆ ಹೊಸ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಸಾಧನ), ದಪ್ಪ ಕೇಬಲ್. ನಾನು ಹೇಳುವ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಕಿವಿಗೆ ಗೊತ್ತಾಗುವ ಬದಲಾವಣೆ ಬರುವುದು ಕೋಣೆಯಿಂದ ಮತ್ತು ಸ್ಪೀಕರ್‌ನಿಂದ. ಉಳಿದವುಗಳ ಪಾಲು ಚಿಕ್ಕದು. ಹಾಗಂತ ಎಲ್ಲರೂ ಹೊಸ ಸ್ಪೀಕರ್ ತರಲೇಬೇಕು ಅಂತ ಅಲ್ಲ. ಈಗಿನ ಸೆಟ್‌ನಲ್ಲಿ ನಿಮಗೆ ಏನು ಹಿಡಿಸುತ್ತಿಲ್ಲ ಅನ್ನುವುದನ್ನು ಮೊದಲು ಒಂದು ಸಾಲಿನಲ್ಲಿ ಬರೆದಿಡಿ. ಆ ಸಾಲೇ ಮುಂದಿನ ಆಯ್ಕೆಯನ್ನು ಹೇಳುತ್ತದೆ.

"ಟಿವಿಯಲ್ಲಿ ಮಾತು ಸರಿಯಾಗಿ ಅರ್ಥ ಆಗುತ್ತಿಲ್ಲ" ಅನ್ನುವುದಕ್ಕೆ ಒಂದು ಪರಿಹಾರ. "ಬೇಸ್ ಸಾಲದು" ಅನ್ನುವುದಕ್ಕೆ ಇನ್ನೊಂದು. "ಬೇಸ್ ಇದೆ, ಆದರೆ ಗುಂಯ್ ಅನ್ನುತ್ತದೆ" ಅನ್ನುವುದಕ್ಕೆ ಮತ್ತೊಂದು. "ಜೋರು ಮಾಡಿದರೆ ಕಿವಿಗೆ ಚುಚ್ಚುತ್ತದೆ" ಅನ್ನುವ ದೂರು ಸ್ಪೀಕರ್‌ನದೂ ಆಗಿರಬಹುದು, ಬರಿಗೋಡೆಗಳದೂ ಆಗಿರಬಹುದು. ದೂರು ಯಾವುದು ಅಂತ ಗೊತ್ತಿಲ್ಲದೆ ಅಂಗಡಿಗೆ ಹೋದರೆ, ಅಂಗಡಿಯವರು ಮಾರಬೇಕು ಅಂದುಕೊಂಡದ್ದೇ ನಿಮ್ಮ ಮನೆಗೆ ಬರುತ್ತದೆ.

ಖರ್ಚಿಲ್ಲದ ಆಯ್ಕೆ ಮೊದಲು

ಮೊದಲು ಸ್ಪೀಕರ್ ಹಿಂದಿನ ವೈರ್ ನೋಡಿ. ಒಂದು ಸ್ಪೀಕರ್‌ನಲ್ಲಿ ಕೆಂಪು, ಕಪ್ಪು ಅದಲುಬದಲಾಗಿದ್ದರೆ ಬೇಸ್ ಸೋರಿಹೋಗುತ್ತದೆ. ಹಾಡುಗಾರರ ದನಿ ಮಧ್ಯದಲ್ಲಿ ನಿಲ್ಲದೆ ಎಲ್ಲೆಲ್ಲಿಂದಲೋ ಬಂದಂತೆ ಕೇಳಿಸುತ್ತದೆ. ಎರಡು ನಿಮಿಷದ ಕೆಲಸ ಇದು. ಇದನ್ನು ನೋಡದೆ ಹೊಸ ಸೆಟ್ ಕೊಳ್ಳುವುದು ಬೇಡ.

ಆಮೇಲೆ ಜಾಗ. ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಸೇರಿ ಮೂರೂ ಬದಿ ಸಮನಾದ ತ್ರಿಕೋನ ಆಗಬೇಕು. ಅಂದರೆ ನೇರ ಮುಂದಕ್ಕೆ ನೋಡಿದಾಗ ಎಡಕ್ಕೆ 30 ಡಿಗ್ರಿ, ಬಲಕ್ಕೆ 30 ಡಿಗ್ರಿ. ಟ್ವೀಟರ್ (ಸ್ಪೀಕರ್‌ನಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕೆ ಇರಲಿ. ಕಪಾಟಿನ ಒಳಗೆ ತುರುಕಿದ ಸ್ಪೀಕರನ್ನು ಹೊರಗೆ ತಂದು ಸ್ಟ್ಯಾಂಡ್ ಮೇಲೆ ಇಟ್ಟರೆ, ಅದೇ ಸ್ಪೀಕರ್ ಬೇರೆಯದೇ ಅನ್ನಿಸುವಷ್ಟು ಬದಲಾಗುತ್ತದೆ.

ಬೇಸ್ ವಿಷಯದಲ್ಲಿ ಕೋಣೆಯ ಅಳತೆಯೇ ಯಜಮಾನ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 40 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ ಸದ್ದಿನ, ಒಂದು ಅಲೆಯ ಉದ್ದ ಸುಮಾರು 8.6 ಮೀಟರ್. ನಿಮ್ಮ ಕೋಣೆಯ ಉದ್ದ ಅದರ ಅರ್ಧ, ಅಂದರೆ 4.3 ಮೀಟರ್ ಇದ್ದರೆ, ಆ ಅಲೆ ಎರಡು ಗೋಡೆಗಳ ನಡುವೆ ಸರಿಯಾಗಿ ಕೂರುತ್ತದೆ. ಗೋಡೆಯ ಹತ್ತಿರ ಕೂತವರಿಗೆ ಅದು ಊದಿಕೊಂಡು ಕೇಳುತ್ತದೆ. ಕೋಣೆಯ ನಟ್ಟನಡುವೆ ಕೂತವರಿಗೆ ಕೇಳಿಸುವುದೇ ಇಲ್ಲ ಅನ್ನುವಷ್ಟು ಕಡಿಮೆ ಆಗುತ್ತದೆ. ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಜ್. ಆ ಸ್ವರ ನಿಮಗೆ ದಪ್ಪಗೆ ಕೇಳುತ್ತದಾ, ಕೇಳುವುದೇ ಇಲ್ವಾ ಅನ್ನುವುದನ್ನು ಆ ಕೋಣೆಯಲ್ಲಿ ಸೋಫಾ ಇರುವ ಜಾಗ ತೀರ್ಮಾನಿಸುತ್ತದೆ. ಆಂಪ್ಲಿಫೈಯರ್ ಬದಲಿಸಿದರೆ ಇದು ಬದಲಾಗುವುದಿಲ್ಲ.

ಹಾಗಾಗಿ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದ್ದರೆ ಒಂದೆರಡು ಅಡಿ ಮುಂದೆ ತಂದು ನೋಡಿ. ಸ್ಪೀಕರ್ ಮೂಲೆಯಲ್ಲಿದ್ದರೆ ಈಚೆ ಎಳೆಯಿರಿ. ಮೂಲೆ ಬೇಸನ್ನು ಹೆಚ್ಚಿಸುತ್ತದೆ, ಆದರೆ ಎಲ್ಲ ಸ್ವರಗಳನ್ನೂ ಸಮನಾಗಿ ಹೆಚ್ಚಿಸುವುದಿಲ್ಲ. ಗುಂಯ್‌ಗುಡುವ ಬೇಸ್‌ಗೆ ಬಹಳ ಸಲ ಇದೇ ಕಾರಣ. ಕೋಣೆಯಲ್ಲಿ ಚಪ್ಪಾಳೆ ಹೊಡೆದಾಗ ಟರ್ ಅಂತ ಮರುಸದ್ದು ಬಂದರೆ ಬರಿಗೋಡೆ, ಗಾಜು, ಬರಿನೆಲ ಜಾಸ್ತಿ ಇದೆ ಅಂತ ಅರ್ಥ. ದಪ್ಪ ಪರದೆ, ಕಾರ್ಪೆಟ್, ಪುಸ್ತಕ ತುಂಬಿದ ಕಪಾಟು ಇಲ್ಲಿ ಕೆಲಸ ಮಾಡುತ್ತವೆ. ಆದರೆ ಇವು ಹಿಡಿಯುವುದು ಮಧ್ಯದ ಮತ್ತು ಮೇಲಿನ ಸ್ವರಗಳನ್ನು ಮಾತ್ರ. ತೆಳ್ಳನೆಯ ಫೋಮ್ ಹಾಳೆ ಅಂಟಿಸಿದರೆ ಬೇಸ್ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸ್ಪೀಕರ್: ಇಲ್ಲಿ ನಿಧಾನ ಮಾಡಿ

ಇಷ್ಟೆಲ್ಲ ಮಾಡಿದ ಮೇಲೂ ದೂರು ಉಳಿದರೆ ದುಡ್ಡು ಹೋಗಬೇಕಾದ ಮೊದಲ ಜಾಗ ಸ್ಪೀಕರ್. ಎರಡು ಒಳ್ಳೆಯ ಆಂಪ್ಲಿಫೈಯರ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಎರಡು ಸ್ಪೀಕರ್‌ಗಳ ನಡುವಿನ ವ್ಯತ್ಯಾಸ ಎಷ್ಟೋ ಪಟ್ಟು ದೊಡ್ಡದು.

ಒಳ್ಳೆಯ ಸ್ಪೀಕರ್ ಅಂದರೆ ಯಾವುದು? ಇದು ಅವರವರ ರುಚಿ ಅಂತ ಹೇಳಿ ಮುಗಿಸುವವರು ಜಾಸ್ತಿ. ಆದರೆ ಇದರ ಬಗ್ಗೆ ದಶಕಗಳ ಕೆಲಸ ಆಗಿದೆ. ಫ್ಲಾಯ್ಡ್ ಟೂಲ್ ಅನ್ನುವ ವಿಜ್ಞಾನಿ ಮೊದಲು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಹರ್ಮನ್ ಅನ್ನುವ ಆಡಿಯೋ ಕಂಪನಿಯಲ್ಲಿ ಇದನ್ನೇ ಪರೀಕ್ಷಿಸಿದರು. ಯಾವ ಸ್ಪೀಕರ್ ನುಡಿಯುತ್ತಿದೆ ಅಂತ ಕಾಣದಂತೆ ಕೇಳಿಸಿ ಅಂಕ ಕೊಡಿಸಿದರು. ಕಣ್ಣಿಗೆ ಕಾಣದೆ ಇದ್ದಾಗ ಜನರ ಆಯ್ಕೆ ಅಚ್ಚರಿ ಆಗುವಷ್ಟು ಹತ್ತಿರ ಬಂತು. ನೇರ ಮುಂದಕ್ಕೆ ಎಲ್ಲ ಸ್ವರಗಳನ್ನೂ ಸಮನಾಗಿ ಕೊಡುವ, ಪಕ್ಕಕ್ಕೆ ಹೋಗುವ ಸದ್ದೂ ಏರುಪೇರಿಲ್ಲದೆ ನಯವಾಗಿ ಇಳಿಯುವ ಸ್ಪೀಕರ್‌ಗಳನ್ನೇ ಹೆಚ್ಚಿನವರು ಮೆಚ್ಚಿದರು. 1994ರಲ್ಲಿ ಟೂಲ್ ಅವರೂ ಜೊತೆಗಾರ ಸಂಶೋಧಕ ಶಾನ್ ಆಲಿವ್ ಅವರೂ ಸೇರಿ ತೋರಿಸಿದ ಇನ್ನೊಂದು ವಿಷಯವೂ ಇದೆ. ಅದೇ ಸ್ಪೀಕರ್‌ಗಳನ್ನು ಕಣ್ಣಾರೆ ನೋಡುತ್ತಾ ಕೇಳಿದಾಗ ಅಂಕಗಳು ಬದಲಾದವು. ದೊಡ್ಡದಾಗಿ, ಚಂದವಾಗಿ ಕಂಡದ್ದಕ್ಕೆ ಮೇಲುಗೈ ಸಿಕ್ಕಿತು. ಕೇಳಿದವರು ಅದೇ ಕಂಪನಿಯ ಕೆಲಸಗಾರರು, ಈ ಕ್ಷೇತ್ರ ಗೊತ್ತಿದ್ದವರು. ಅವರಿಗೇ ಹಾಗಾಯಿತು ಅಂದರೆ ನಮ್ಮ ಕಣ್ಣನ್ನು ನಾವು ಎಷ್ಟು ನಂಬಬಹುದು, ಯೋಚಿಸಿ.

ಆದ್ದರಿಂದ ವಿಮರ್ಶೆ ಓದುವಾಗ "ಬೆಚ್ಚಗಿನ ಸದ್ದು", "ಜೀವಂತಿಕೆ ಇದೆ" ಅನ್ನುವ ಮಾತುಗಳಿಗಿಂತ ಅಳತೆಯ ಗ್ರಾಫ್ ಇರುವ ಬರಹ ಹುಡುಕಿ. ಸ್ಪಿನೋರಾಮಾ ಅನ್ನುವ ಗ್ರಾಫ್ ಇದ್ದರೆ ಇನ್ನೂ ಒಳ್ಳೆಯದು. ಸ್ಪೀಕರ್ ಸುತ್ತ ಅಡ್ಡಡ್ಡ, ಉದ್ದುದ್ದ ಹತ್ತು ಡಿಗ್ರಿಗೊಂದರಂತೆ ಒಟ್ಟು 70 ಕೋನಗಳಲ್ಲಿ ಅಳೆದು ಅದನ್ನು ಮಾಡುತ್ತಾರೆ. ಅದನ್ನು ಓದಲು ಎಂಜಿನಿಯರ್ ಆಗಬೇಕಿಲ್ಲ. ಮೇಲಿನ ಗೆರೆ ಹೆಚ್ಚುಕಡಿಮೆ ಸಪಾಟಾಗಿ, ಕೆಳಗಿನವು ದೊಡ್ಡ ಉಬ್ಬುತಗ್ಗಿಲ್ಲದೆ ಬಲಕ್ಕೆ ಇಳಿಯುತ್ತಾ ಹೋದರೆ ಸಾಕು. 2ರಿಂದ 5 ಕಿಲೋಹರ್ಟ್ಜ್ ನಡುವೆ ಉಬ್ಬು ಕಂಡರೆ ಎಚ್ಚರ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು ಅಲ್ಲೇ. ಅಂಗಡಿಯಲ್ಲಿ ಹತ್ತು ನಿಮಿಷ ಕೇಳುವಾಗ ಆ ಉಬ್ಬು "ಆಹಾ, ಎಷ್ಟು ಸ್ಪಷ್ಟ" ಅನ್ನಿಸುತ್ತದೆ. ಮನೆಯಲ್ಲಿ ಒಂದು ಗಂಟೆ ಕೇಳಿದ ಮೇಲೆ ಕಿವಿ ದಣಿಯುತ್ತದೆ.

ಈಗ ನೆಲದ ಮೇಲೆ ನಿಲ್ಲುವ ಉದ್ದನೆಯ ಟವರ್ ಸ್ಪೀಕರಾ, ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಜೊತೆ ಬೇಸ್ ಮಾತ್ರ ನುಡಿಸುವ ಸಬ್‌ವೂಫರಾ ಅನ್ನುವ ಪ್ರಶ್ನೆ. ನನ್ನ ಒಲವು ಎರಡನೆಯದರ ಕಡೆಗೆ. ಕಾರಣ ಮೇಲೆ ಹೇಳಿದ ಕೋಣೆಯ ಅಲೆಗಳೇ. ದನಿ ಮಧ್ಯದಲ್ಲಿ ನಿಲ್ಲಬೇಕಾದರೆ ಎಡ, ಬಲ ಸ್ಪೀಕರ್‌ಗಳನ್ನು ತ್ರಿಕೋನದ ಲೆಕ್ಕದಲ್ಲಿ ಇಡಬೇಕು. ಆದರೆ ಬೇಸ್ ಚೆನ್ನಾಗಿ ಬರುವ ಜಾಗ ಕೋಣೆಯಲ್ಲಿ ಬೇರೆಲ್ಲೋ ಇರುತ್ತದೆ. ಟವರ್ ಕೊಂಡರೆ ಎರಡೂ ಕೆಲಸ ಒಂದೇ ಜಾಗದಿಂದ ಆಗಬೇಕು. ಸಬ್‌ವೂಫರ್ ಬೇರೆ ಇದ್ದರೆ ಅದನ್ನು ಬೇಕಾದ ಕಡೆ ಇಡಬಹುದು. 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ನಮ್ಮ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಹೆಚ್ಚಿನ ರಿಸೀವರ್‌ಗಳು (ಟಿವಿ, ಡಿಸ್ಕ್ ಎಲ್ಲವನ್ನೂ ಜೋಡಿಸಿ ಹಲವು ಸ್ಪೀಕರ್ ನಡೆಸುವ ಆಂಪ್ಲಿಫೈಯರ್‌ಗಳು) ಆ 80ನ್ನೇ ಗಡಿಯಾಗಿ ಇಟ್ಟುಕೊಂಡಿರುವುದು ಇದಕ್ಕೇ. ಚಿಕ್ಕ ಸ್ಪೀಕರ್‌ಗಳ ಮೇಲಿನ ಭಾರವೂ ಇಳಿಯುತ್ತದೆ, ಮಧ್ಯದ ಸ್ವರಗಳು ತಿಳಿಯಾಗುತ್ತವೆ.

ಟವರ್ ಗೆಲ್ಲುವ ಸಂದರ್ಭಗಳೂ ಇವೆ. ಕೋಣೆ ದೊಡ್ಡದಿದ್ದು, ಜೋರಾಗಿ ಕೇಳುವ ಅಭ್ಯಾಸ ಇದ್ದು, ಮೂರನೆಯ ಪೆಟ್ಟಿಗೆ, ಅದರ ವೈರ್, ಅದರ ಹೊಂದಾಣಿಕೆ ಯಾವುದೂ ಬೇಡ ಅನ್ನುವವರು ಟವರ್ ತರಲಿ. ಸ್ಟ್ಯಾಂಡ್ ಮೇಲೆ ಇಟ್ಟ ಬುಕ್‌ಶೆಲ್ಫ್ ಸ್ಪೀಕರ್ ಕೂಡ ನೆಲದ ಮೇಲೆ ಅಷ್ಟೇ ಜಾಗ ಹಿಡಿಯುತ್ತದೆ ಅನ್ನುವುದನ್ನೂ ಮರೆಯಬೇಡಿ.

ಸಬ್‌ವೂಫರ್ ಇಡಲು ಹಳೆಯ, ಸುಲಭವಾದ ಉಪಾಯ ಒಂದಿದೆ. ಅದನ್ನು ನೀವು ಕೂರುವ ಜಾಗದಲ್ಲೇ ಇಟ್ಟು, ಬೇಸ್ ಸ್ವರಗಳು ಮೇಲೆ ಕೆಳಗೆ ಓಡಾಡುವ ಹಾಡು ಹಾಕಿ, ಗೋಡೆಯ ಉದ್ದಕ್ಕೂ ತಲೆ ತಗ್ಗಿಸಿ ಸುತ್ತಿ. ಎಲ್ಲ ಸ್ವರಗಳೂ ಸಮನಾಗಿ ಕೇಳುವ ಜಾಗ ಸಿಕ್ಕರೆ ಸಬ್‌ವೂಫರ್ ಅಲ್ಲಿಗೆ ಹೋಗಬೇಕು. ಒಂದು ದೊಡ್ಡದರ ಬದಲು ಎರಡು ಚಿಕ್ಕವನ್ನು ಬೇರೆ ಬೇರೆ ಕಡೆ ಇಟ್ಟರೆ ಸೋಫಾದ ಎಲ್ಲ ಸೀಟಿನಲ್ಲೂ ಬೇಸ್ ಹೆಚ್ಚು ಸಮನಾಗುತ್ತದೆ. ಮನೆಮಂದಿ ಎಲ್ಲ ಒಟ್ಟಿಗೆ ಕೂತು ಕೇಳುವುದಾದರೆ ಇದು ತುಂಬ ಒಳ್ಳೆಯ ದಾರಿ.

ಆಕ್ಟಿವ್ ಸ್ಪೀಕರ್‌ನಲ್ಲಿ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಟ್ವೀಟರ್‌ಗೊಂದು, ಬೇಸ್ ನುಡಿಸುವ ವೂಫರ್‌ಗೊಂದು ಆಂಪ್ ಇಟ್ಟು, ಎರಡನ್ನೂ ತಯಾರಕರೇ ಹೊಂದಿಸಿರುತ್ತಾರೆ. ಹೊಸದಾಗಿ ಶುರುಮಾಡುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಯಾವ ಆಂಪ್ ಯಾವ ಸ್ಪೀಕರ್‌ಗೆ ಹೊಂದುತ್ತದೆ ಅನ್ನುವ ತಲೆನೋವೇ ಇರುವುದಿಲ್ಲ. ತೊಂದರೆ ಏನೆಂದರೆ ಪ್ರತಿ ಸ್ಪೀಕರ್‌ಗೂ ಕರೆಂಟ್ ಪಾಯಿಂಟ್ ಬೇಕು. ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ಇಡೀ ಸ್ಪೀಕರ್ ರಿಪೇರಿಗೆ ಹೋಗಬೇಕು. ಆಂಪ್ ಹೊರಗಿರುವ ಪ್ಯಾಸಿವ್ ಸ್ಪೀಕರ್‌ನಲ್ಲಿ ಕೆಡುವ ವಸ್ತು ಕಡಿಮೆ. ಆಂಪ್ ಹೋದರೆ ಆಂಪ್ ಒಂದನ್ನೇ ಬದಲಿಸಬಹುದು. ಇಪ್ಪತ್ತು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಪ್ಯಾಸಿವ್ ಒಳ್ಳೆಯದು.

ವ್ಯಾಟ್‌ನ ಲೆಕ್ಕ

ಸ್ಪೀಕರ್ ಪೆಟ್ಟಿಗೆಯ ಮೇಲೆ 87 ಡೆಸಿಬೆಲ್ ಅಂತ ಬರೆದಿದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಅಂತ. ನೀವು 3 ಮೀಟರ್ ದೂರ ಕೂತರೆ, ಎರಡು ಸ್ಪೀಕರ್ ಸೇರಿ, ಸುಮಾರು 80 ಡೆಸಿಬೆಲ್. ಸಾಮಾನ್ಯ ಮಾತುಕತೆ 60ರ ಆಸುಪಾಸು. 80 ಅಂದರೆ ಪಕ್ಕದ ಕೋಣೆಯವರು ಎದ್ದು ಬಂದು ಕೇಳುವಷ್ಟು ಜೋರು. ಅದಕ್ಕೆ ಬೇಕಾದದ್ದು ಒಂದೊಂದು ಸ್ಪೀಕರ್‌ಗೆ ಬರೀ 1 ವ್ಯಾಟ್!

ಹಾಗಾದರೆ 100 ವ್ಯಾಟ್ ಯಾಕೆ? ಸಂಗೀತದಲ್ಲಿ ಡ್ರಮ್ ಪೆಟ್ಟಿನಂಥ ಕ್ಷಣಗಳು ಸರಾಸರಿಗಿಂತ 20 ಡೆಸಿಬೆಲ್‌ನಷ್ಟು ಮೇಲೆ ಜಿಗಿಯಬಹುದು. 20 ಡೆಸಿಬೆಲ್ ಅಂದರೆ 100 ಪಟ್ಟು ಶಕ್ತಿ. ಸರಾಸರಿ 80ರಲ್ಲಿ ಕೇಳುವವರಿಗೆ ಆ ಕ್ಷಣಕ್ಕೆ 100 ವ್ಯಾಟ್ ಬೇಕು. ಸರಾಸರಿ 70ರಲ್ಲಿ ಕೇಳುವವರಿಗೆ 10 ವ್ಯಾಟ್ ಸಾಕು. ನೀವು ಯಾವ ಗುಂಪು ಅಂತ ಫೋನಿನ ಡೆಸಿಬೆಲ್ ಆ್ಯಪ್‌ನಲ್ಲಿ ಅಂದಾಜು ಮಾಡಿಕೊಳ್ಳಬಹುದು. ಕಿವಿಯ ಬಗ್ಗೆಯೂ ಒಂದು ಮಾತು. 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು ಹೆಚ್ಚಿದಂತೆ ಆ ಗಂಟೆಗಳು ಬೇಗ ಬೇಗ ಕಡಿಮೆಯಾಗುತ್ತವೆ.

ಈಗ ಹೋಲಿಸಿ ನೋಡಿ. 50 ವ್ಯಾಟ್‌ನಿಂದ 100 ವ್ಯಾಟ್‌ಗೆ ಹೋದರೆ ಸಿಗುವುದು 3 ಡೆಸಿಬೆಲ್. ಸದ್ದು ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 87ರ ಬದಲು 90 ಡೆಸಿಬೆಲ್‌ನ ಸ್ಪೀಕರ್ ತಂದರೆ ಆಂಪ್ ಮುಟ್ಟದೆಯೇ ಅದೇ 3 ಡೆಸಿಬೆಲ್ ಸಿಗುತ್ತದೆ. ಹೊಸ ಆಂಪ್ ನಿಜವಾಗಿ ಬೇಕಾಗುವುದು ಮೂರು ಸಂದರ್ಭದಲ್ಲಿ: ಈಗಿನದು ಜೋರು ಮಾಡಿದಾಗ ಒಡೆದಂತೆ ಕೇಳಿದರೆ, ಸ್ಪೀಕರ್ 4 ಓಮ್‌ನದಾಗಿದ್ದು (ಓಮ್ ಅಂದರೆ ಕರೆಂಟ್‌ಗೆ ಇರುವ ಅಡ್ಡಿಯ ಅಳತೆ, ಅದು ಕಡಿಮೆ ಇದ್ದಷ್ಟೂ ಆಂಪ್‌ಗೆ ಭಾರ ಜಾಸ್ತಿ) ಆಂಪ್ ಅದನ್ನು ತಡೆಯದಿದ್ದರೆ, ಅಥವಾ ಬೇಕಾದ ಸೌಲಭ್ಯ ಅದರಲ್ಲಿ ಇಲ್ಲದಿದ್ದರೆ. ಪಿಎಂಪಿಓ (ಕ್ಷಣಮಾತ್ರದ ಗರಿಷ್ಠ) ವ್ಯಾಟ್ ಅಂತ ಸಾವಿರಗಟ್ಟಲೆ ಬರೆದ ಸಂಖ್ಯೆಗೆ ಬೆಲೆಯೇ ಇಲ್ಲ. ಆರ್‌ಎಂಎಸ್ (ಒಂದೇ ಸಮನೆ ಕೊಡಬಲ್ಲ ವ್ಯಾಟ್) ಎಷ್ಟು, ಎಷ್ಟು ಓಮ್‌ಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ (ಸದ್ದು ಕೆಡುವ ಪ್ರಮಾಣ) ಅಂತ ಕೇಳಿ. 10 ಶೇಕಡಾ ಡಿಸ್ಟಾರ್ಷನ್‌ನಲ್ಲಿ 100 ವ್ಯಾಟ್ ಅನ್ನುವುದೂ 0.1 ಶೇಕಡಾದಲ್ಲಿ 60 ವ್ಯಾಟ್ ಅನ್ನುವುದೂ ಬಂದರೆ ನಾನು ಎರಡನೆಯದನ್ನೇ ತೆಗೆದುಕೊಳ್ಳುತ್ತೇನೆ.

ಟಿವಿಗಾಗಿ: ಸೌಂಡ್‌ಬಾರಾ, ಎರಡು ಸ್ಪೀಕರಾ, ರಿಸೀವರಾ?

ಸಂಗೀತವೇ ಮುಖ್ಯ, ಸಿನಿಮಾ ಆಗೊಮ್ಮೆ ಈಗೊಮ್ಮೆ, ನೋಡುವವರು ಒಬ್ಬರೋ ಇಬ್ಬರೋ ಅನ್ನುವುದಾದರೆ ಎರಡು ಒಳ್ಳೆಯ ಸ್ಪೀಕರ್ ಸಾಕು. ಅಷ್ಟೇ ದುಡ್ಡಿನ ಸೌಂಡ್‌ಬಾರ್‌ಗಿಂತ ಅವು ಸಂಗೀತಕ್ಕೆ ಚೆನ್ನಾಗಿರುತ್ತವೆ. ಆದರೆ ಒಂದು ಮಿತಿ ಇದೆ. ಎರಡೇ ಸ್ಪೀಕರ್ ಇದ್ದಾಗ ಮಧ್ಯದಿಂದ ಬಂದಂತೆ ಅನ್ನಿಸುವ ದನಿ, ಮಧ್ಯದಲ್ಲಿ ಕೂತವರಿಗೆ ಮಾತ್ರ ಮಧ್ಯದಿಂದ ಬರುತ್ತದೆ. ಸೋಫಾದ ತುದಿಯಲ್ಲಿ ಕೂತವರಿಗೆ ಹತ್ತಿರದ ಸ್ಪೀಕರ್‌ನಿಂದಲೇ ಮಾತು ಕೇಳಿಸುತ್ತದೆ. ಮನೆಯವರೆಲ್ಲ ಸಾಲಾಗಿ ಕೂತು ನೋಡುವ ಮನೆಯಲ್ಲಿ ನಡುವಿನ ಸ್ಪೀಕರ್ ಒಂದು ಬೇಕೇ ಬೇಕು. ಸಿನಿಮಾದ ಸಂಭಾಷಣೆ ಹೆಚ್ಚಾಗಿ ಆ ಚಾನೆಲ್‌ನಲ್ಲೇ ಇರುತ್ತದೆ. ಅದರ ವಾಲ್ಯೂಮ್ ಒಂದನ್ನೇ ಸ್ವಲ್ಪ ಏರಿಸಿಕೊಳ್ಳಬಹುದು. "ಮಾತು ಕೇಳಿಸುತ್ತಿಲ್ಲ" ಅನ್ನುವ ದೂರಿಗೆ ಇದಕ್ಕಿಂತ ನೇರವಾದ ಮದ್ದು ಇಲ್ಲ. ಸೌಂಡ್‌ಬಾರ್ ಕೊಳ್ಳುವುದಾದರೂ ನಡುವಿನ ಚಾನೆಲ್ ಬೇರೆಯಾಗಿ ಇರುವುದನ್ನೇ, ಅಂದರೆ 3.1 (ಮೂರು ಚಾನೆಲ್, ಒಂದು ಸಬ್‌ವೂಫರ್) ಅಥವಾ ಅದಕ್ಕಿಂತ ಮೇಲಿನದನ್ನೇ ನೋಡಿ. 2.1 ಬೇಡ.

ರಿಸೀವರ್ ಮತ್ತು ಐದು ಸ್ಪೀಕರ್ ಅತಿ ಹೆಚ್ಚು ಕೊಡುತ್ತವೆ, ಅತಿ ಹೆಚ್ಚು ಕೇಳುತ್ತವೆ ಕೂಡ. ಪಕ್ಕದ ಸ್ಪೀಕರ್‌ಗಳು ನಿಮ್ಮ ಬದಿಯಿಂದ ಸ್ವಲ್ಪ ಹಿಂದಕ್ಕೆ, ಸುಮಾರು 110 ಡಿಗ್ರಿಯಲ್ಲಿ ಇರಬೇಕು. ಅಲ್ಲಿಗೆ ವೈರ್ ಎಳೆಯಲು ಆಗುತ್ತದಾ ಅಂತ ಮೊದಲು ನೋಡಿ. ಆಗದಿದ್ದರೆ ಆ ದುಡ್ಡನ್ನು ಮುಂದಿನ ಮೂರು ಸ್ಪೀಕರ್‌ಗೆ ಹಾಕಿ. ತಲೆಯ ಮೇಲಿಂದಲೂ ಸದ್ದು ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ 2014ರಿಂದ ಮನೆಗಳಿಗೆ ಬಂದಿದೆ. ಚಾವಣಿಗೆ ಸದ್ದು ಹೊಡೆದು ಮರಳಿ ಕೆಳಗೆ ತರುವ ಸ್ಪೀಕರ್‌ಗಳು ಕೆಲಸ ಮಾಡಬೇಕಾದರೆ ಚಾವಣಿ ಸಪಾಟಾಗಿ, ಗಟ್ಟಿಯಾಗಿ, ತೀರಾ ಎತ್ತರವಲ್ಲದೆ ಇರಬೇಕು. ಇಳಿಜಾರು ಚಾವಣಿ ಇರುವವರು ಅದಕ್ಕೆ ದುಡ್ಡು ಕೊಡಬೇಡಿ.

ಟಿವಿಯಿಂದ ಸದ್ದು ತರುವಾಗ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಹೊರಗೆ ಕಳಿಸುವ ವ್ಯವಸ್ಥೆ) ಇದ್ದರೆ ಸಾಮಾನ್ಯ ಬಳಕೆಗೆ ಸಾಕು. ಸ್ಟ್ರೀಮಿಂಗ್‌ನಲ್ಲಿ ಬರುವ ಅಟ್ಮಾಸ್ ಕೂಡ ಅದರಲ್ಲಿ ಹೋಗಬಲ್ಲದು. ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿ ಸದ್ದು (ಏನೂ ಕಳೆದುಕೊಳ್ಳದ ರೂಪ) ಟಿವಿಯ ಮೂಲಕ ಹೋಗಬೇಕಾದರೆ ಎಆರ್‌ಸಿಯ ಹೊಸ ರೂಪವಾದ ಇಎಆರ್‌ಸಿ ಬೇಕು. ಎರಡೂ ಕಡೆ ಇರಬೇಕು, ಟಿವಿಯಲ್ಲೂ, ರಿಸೀವರ್‌ನಲ್ಲೂ.

ರಿಸೀವರ್‌ನಲ್ಲಿ ಕೋಣೆಗೆ ತಕ್ಕಂತೆ ಸದ್ದು ಸರಿಪಡಿಸುವ ವ್ಯವಸ್ಥೆ ಇದೆಯಾ ನೋಡಿ. ಆಡಿಸ್ಸಿ, ಡಿರಾಕ್ ಇವುಗಳ ಹೆಸರು ಕೇಳಿರುತ್ತೀರಿ. ಬೇಸ್‌ನ ಉಬ್ಬುಗಳನ್ನು ತಗ್ಗಿಸುವುದರಲ್ಲಿ ಇವು ನಿಜಕ್ಕೂ ಒಳ್ಳೆಯವು. ತಗ್ಗುಗಳನ್ನು ತುಂಬಲು ಹೋದರೆ ಮಾತ್ರ ತೂತು ಬಿದ್ದ ಕೊಡಕ್ಕೆ ನೀರು ಹಾಕಿದ ಹಾಗೆ. ಆಂಪ್‌ನ ಶಕ್ತಿ ಹೋಗುತ್ತದೆ, ತಗ್ಗು ಹಾಗೇ ಇರುತ್ತದೆ. ಅದಕ್ಕೆ ಸೋಫಾ ಅಥವಾ ಸಬ್‌ವೂಫರ್ ಸರಿಸುವುದೇ ದಾರಿ.

ಡ್ಯಾಕ್, ಕೇಬಲ್, ವೈರ್‌ಲೆಸ್, ರೆಕಾರ್ಡ್ ಪ್ಲೇಯರ್

ಇವು ಬೇಗ ಮುಗಿಯುತ್ತವೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ 16 ಬಿಟ್, 44.1 ಕಿಲೋಹರ್ಟ್ಜ್ ಲೆಕ್ಕವೇ ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ಸದ್ದಿನ ನಡುವಿನ ಸುಮಾರು 96 ಡೆಸಿಬೆಲ್ ಅಂತರವನ್ನೂ 20 ಕಿಲೋಹರ್ಟ್ಜ್ ಮೀರಿದ ಸ್ವರಗಳನ್ನೂ ಹಿಡಿಯುತ್ತದೆ. ನಮ್ಮ ಕಿವಿಯ ಮಿತಿಯೇ ಸುಮಾರು 20 ಕಿಲೋಹರ್ಟ್ಜ್, ವಯಸ್ಸಾದಂತೆ ಅದೂ ಇಳಿಯುತ್ತದೆ. ಈಗಿನ ಸಾಧಾರಣ ಡ್ಯಾಕ್ ಕೂಡ ಈ ಕೆಲಸವನ್ನು ಸರಿಯಾಗಿ ಮಾಡುತ್ತದೆ. ಕಂಪ್ಯೂಟರ್‌ನಿಂದ ಕರಕರ ಸದ್ದು ಬರುತ್ತಿದ್ದರೆ, ಬೇಕಾದ ಇನ್‌ಪುಟ್ ಇಲ್ಲದಿದ್ದರೆ ಹೊಸದು ತನ್ನಿ. ಇಲ್ಲದಿದ್ದರೆ ಬೇಡ.

ಸ್ಪೀಕರ್ ಕೇಬಲ್‌ಗೆ 1.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಸಾಕು. 5 ಮೀಟರ್ ದೂರಕ್ಕೆ, ಹೋಗಿ ಬರುವ ಎರಡೂ ಎಳೆ ಸೇರಿ, ಅದರ ಅಡ್ಡಿ ಸುಮಾರು 0.12 ಓಮ್. 8 ಓಮ್ ಸ್ಪೀಕರ್ ಮುಂದೆ ಅದು ಏನೂ ಅಲ್ಲ. ದೂರ ಇನ್ನೂ ಜಾಸ್ತಿ ಇದ್ದರೆ ಅಥವಾ ಸ್ಪೀಕರ್ 4 ಓಮ್ ಆಗಿದ್ದರೆ 2.5ಕ್ಕೆ ಹೋಗಿ.

ಬ್ಲೂಟೂತ್ ಅನುಕೂಲಕ್ಕೆ, ವೈಫೈ ದಿನನಿತ್ಯದ ಬಳಕೆಗೆ. ಬ್ಲೂಟೂತ್‌ನಲ್ಲಿ ಸದ್ದನ್ನು ಒತ್ತಿ ಕಿರಿದು ಮಾಡಿ ಕಳಿಸುತ್ತಾರೆ, ಜೊತೆಗೆ ತಡವಾಗಿ ಬರುತ್ತದೆ. ಸಿನಿಮಾದಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುವುದು ಅದರಿಂದಲೇ. ವೈಫೈನಲ್ಲಿ ಹಾಡು ನೇರ ಸರ್ವರ್‌ನಿಂದ ಬರುವ ವ್ಯವಸ್ಥೆ ಇದ್ದರೆ ಫೋನ್ ಬಂದಾಗ ಹಾಡು ನಿಲ್ಲುವುದೂ ಇಲ್ಲ.

ರೆಕಾರ್ಡ್ ಪ್ಲೇಯರ್ ಕೊಳ್ಳುವವರು ಫೋನೋ ಇನ್‌ಪುಟ್ ನೆನಪಿಡಿ. ಸಿಡಿ ಪ್ಲೇಯರ್ 2 ವೋಲ್ಟ್ ಕೊಡುತ್ತದೆ, ರೆಕಾರ್ಡ್ ಪ್ಲೇಯರ್‌ನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿ ಇರುವ ಭಾಗ) ಬರೀ 5 ಮಿಲಿವೋಲ್ಟ್ ಸುಮಾರಿಗೆ. ನಡುವೆ ಅದನ್ನು ಹೆಚ್ಚಿಸುವ ಫೋನೋ ಪ್ರೀಆಂಪ್ ಇಲ್ಲದಿದ್ದರೆ ಸದ್ದು ಕ್ಷೀಣವಾಗಿ, ಬೇಸ್ ಇಲ್ಲದೆ ಬರುತ್ತದೆ.

ಕೇಳಿ ಹೋಲಿಸುವ ರೀತಿ

ಎರಡು ಆಯ್ಕೆ ಮುಂದಿದ್ದಾಗ ಸದ್ದಿನ ಮಟ್ಟ ಸಮ ಮಾಡದೆ ಹೋಲಿಸಲೇಬೇಡಿ. ಒಂದು ಡೆಸಿಬೆಲ್‌ನಷ್ಟು ಜೋರಾಗಿದ್ದರೂ ಅದು ನಮಗೆ ಜೋರು ಅನ್ನಿಸುವುದಿಲ್ಲ, "ಇನ್ನೂ ಚೆನ್ನಾಗಿದೆ" ಅನ್ನಿಸುತ್ತದೆ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿ ಬೇಸನ್ನು ಕಡಿಮೆ ಕೇಳುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ, ಮಳೆ ಸುರಿದಂಥ ಸದ್ದು) ಹಾಕಿ, ಕೂರುವ ಜಾಗದಲ್ಲೇ ಫೋನ್ ಹಿಡಿದು ಎರಡನ್ನೂ ಒಂದೇ ಅಂಕೆಗೆ ತನ್ನಿ. ಆಮೇಲೆ ಹಾಡು ಹಾಕಿ. ತುಂಬ ಸಲ ಕೇಳಿದ ಹಾಡೇ ಇರಲಿ. ಮನುಷ್ಯರ ದನಿ ಇರುವುದು ಒಂದು, ಬೇಸ್ ಹೆಜ್ಜೆ ಹಾಕುತ್ತಾ ನಡೆಯುವುದು ಇನ್ನೊಂದು, ತುಂಬ ವಾದ್ಯಗಳು ಒಟ್ಟಿಗೆ ಬರುವುದು ಮತ್ತೊಂದು. ದನಿಯಲ್ಲಿ ಮೂಗಿನ ಸದ್ದು ಅಥವಾ "ಸ", "ಶ" ಅಕ್ಷರಗಳ ಸೀಟಿ ಕೇಳಿದರೆ ಆ ಸ್ಪೀಕರ್ ಬಿಡಿ.

ಆದರೆ ಅಂಗಡಿಯ ಕೋಣೆ ನಿಮ್ಮ ಮನೆಯ ಕೋಣೆ ಅಲ್ಲ. ಮಧ್ಯದ ಮತ್ತು ಮೇಲಿನ ಸ್ವರಗಳ ಬಗ್ಗೆ ಅಲ್ಲಿ ತೀರ್ಮಾನ ಮಾಡಬಹುದು, ಬೇಸ್ ಬಗ್ಗೆ ಆಗುವುದಿಲ್ಲ. ಹಾಗಾಗಿ ಮನೆಗೆ ತಂದು ಕೇಳಿ ವಾಪಸ್ ಕೊಡಲು ಅವಕಾಶ ಇರುವ ಕಡೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಹಳೆಯದನ್ನು ಕೊಳ್ಳುವ ಆಯ್ಕೆಯೂ ಇದೆ. ಸ್ಪೀಕರ್‌ಗೆ ಇದು ತುಂಬ ಒಳ್ಳೆಯ ದಾರಿ. ಸ್ಪೀಕರ್ ವಿನ್ಯಾಸ ಬೇಗ ಹಳತಾಗುವುದಿಲ್ಲ. ರಿಸೀವರ್ ಹಾಗಲ್ಲ. ಹಳೆಯ ಎಚ್‌ಡಿಎಂಐ ಇದ್ದರೆ ಹೊಸ ಟಿವಿ ಜೊತೆ ಅದು ಒದ್ದಾಡುತ್ತದೆ. ಹಳೆಯ ಸ್ಪೀಕರ್ ನೋಡುವಾಗ ಮುಂದಿನ ಬಟ್ಟೆಯ ಚೌಕಟ್ಟು ತೆಗೆದು ಕೋನ್ ಸುತ್ತಲಿನ ಅಂಚು ಮುಟ್ಟಿ ನೋಡಿ. ಫೋಮ್ ಅಂಚು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ರಬ್ಬರ್ ಅಂಚು ಹೆಚ್ಚು ಕಾಲ ಬಾಳುತ್ತದೆ. ಆಮೇಲೆ ಎಡ, ಬಲ ಎರಡನ್ನೂ ಒಂದೊಂದಾಗಿ, ಅದೇ ಹಾಡಿಗೆ ಕೇಳಿ. ಒಂದರ ಟ್ವೀಟರ್ ಹೋಗಿದ್ದರೂ ಎರಡೂ ಒಟ್ಟಿಗೆ ನುಡಿಯುವಾಗ ಅದು ಸುಲಭವಾಗಿ ಗೊತ್ತಾಗುವುದಿಲ್ಲ.